ಮಣ್ಣು ತಿನ್ನದ ತಟ್ಟೆಗಳು

ಗಾದಿಲಿಂಗಪ್ಪ ಹರಪನಹಳ್ಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಮಾಲಿ. ಊರು ತೆಲಿಗಿ. ಹೆಂಡತಿ ಪಕ್ಕೀರಮ್ಮ ಅಲ್ಲಿಯೇ ಕಸ ಗುಡಿಸುತ್ತಿದ್ದಳು. ಇಬ್ಬರೂ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದರು. ಕೆಲಸಕ್ಕೆ ಸೇರುವ ಮುಂಚೆ ಅವನು ಅಪ್ಪನ ಜೊತೆ ಊರಿನಲ್ಲಿ ಹೆಣದ ಕುಣಿ ತೋಡುತ್ತಿದ್ದ. ಹಾಗಾಗಿ ಮಣ್ಣಿನ ವಿಷಯದಲ್ಲಿ ಕಾಲೇಜಿನಲ್ಲಿ ಯಾರೂ ಅವನಿಗೆ ಎದುರು ಹೇಳುತ್ತಿರಲಿಲ್ಲ.

೧೯೯೯ರಲ್ಲಿ ಕಾಲೇಜಿನ ಬೆಳ್ಳಿಹಬ್ಬವಾಯಿತು. ಅಲ್ಲಿಯವರೆಗೆ ಏನಿದ್ದರೂ ಮುತ್ತುಗದ ಎಲೆಯಲ್ಲಿ ಊಟ. ಆ ಸಲ ಪ್ರಿನ್ಸಿಪಾಲ್ ಪಂಚಾಕ್ಷರಪ್ಪನವರು ದಾವಣಗೆರೆಯಿಂದ ಬಿಳಿ ಪ್ಲಾಸ್ಟಿಕ್ ತಟ್ಟೆ, ಲೋಟ, ನೀರಿನ ಪಾಕೀಟು ತರಿಸಿದರು. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮೂರು ದಿನದ ಎಂಜಲು ರಾಶಿಯನ್ನು ಗಾದಿಲಿಂಗಪ್ಪ ಕಟ್ಟಡದ ಹಿಂದೆ ಎದೆಯಾಳ ಗುಂಡಿ ತೋಡಿ ಮುಚ್ಚಿದ.

“ಎರಡು ಮಳಿಗಾಲ ಹೋಗ್ಲಿ ಸರ, ಎಲ್ಲಾ ಗೊಬ್ಬರ ಆಕ್ಕತಿ” ಎಂದ.

ಮರುತಿಂಗಳು ಅವನ ತಾಯಿ ತೀರಿಕೊಂಡಳು. ಆಕೆಯ ಕುಣಿಯನ್ನೂ ಅವನೇ ತೋಡಿದ.

ಐದು ವರ್ಷದ ಮೇಲೆ ಆ ಹಿತ್ತಲಲ್ಲಿ ಬೇವಿನ ಸಸಿ ನೆಡುವುದೆಂದಾಯಿತು. ಒಳ್ಳೆಯ ಗೊಬ್ಬರವಿದೆ ಎಂದು ಗಾದಿಲಿಂಗಪ್ಪ ಹುರುಪಿನಿಂದ ಗುದ್ದಲಿ ಹಾಕಿದ. ಸೊಂಟದ ಆಳಕ್ಕೆ ಇಳಿದಾಗ ಗುದ್ದಲಿಗೆ ಚರಕ್ ಎಂದು ಏನೋ ಸಿಕ್ಕಿತು. ಎಳೆದು ಹೆಬ್ಬೆರಳಿನಿಂದ ಒರೆಸಿದ. ಬಿಳಿ ತಟ್ಟೆ. ಸಾಂಬಾರಿನ ಹಳದಿ ಕಲೆ ಕೂಡ ಹೋಗಿರಲಿಲ್ಲ. ಅದರ ಕೆಳಗೆ ಇನ್ನೊಂದು, ಮತ್ತೊಂದು, ಹಾಕಿದ ಹಾಗೆಯೇ ಒಂದರ ಮೇಲೊಂದು. ಅನ್ನ, ಪಲ್ಯ, ಬಾಳೆಹಣ್ಣಿನ ಸಿಪ್ಪೆ ಯಾವಾಗಲೋ ಮಣ್ಣಾಗಿದ್ದವು. ಕೊನೆಗೊಂದು ಪಾಕೀಟು ಸಿಕ್ಕಿತು, ಒಡೆಯದ್ದು. ಒಳಗೆ ನೀರು ಅಲುಗಾಡಿತು.

ಅವನು ಗುದ್ದಲಿ ಬಿಟ್ಟು ಗುಂಡಿಯಲ್ಲೇ ಕುಳಿತ. ಪಕ್ಕೀರಮ್ಮ ಓಡಿ ಬಂದಳು.

“ಏನಾತು? ಹಾವು ಕಡೀತಾ?”

“ಅವ್ವನ್ನ ಮಣ್ಣಿಗಿಟ್ಟಿದ್ದು ಇವನ್ನ ಹೂತ ವರ್ಷಾನಾ ಅಲ್ಲೇನಲೇ?”

“ಹೌದು.”

“ಮೊನ್ನಿ ಊರಾಗ ಅಕಿ ಬಾಜೂಕ ಇನ್ನೊಂದು ಕುಣಿ ತೋಡುವಾಗ ಮಣ್ಣು ಸರೀತು. ಸೀರಿ ಇರ್ಲಿಲ್ಲ, ಮೈ ಇರ್ಲಿಲ್ಲ. ನಾಕು ಎಲುಬು ಇದ್ವು. ಈ ಎಂಜಲ ತಟ್ಟಿ ಹಂಗಾ ಅದಾವಲ್ಲಲೇ!”

ಪಕ್ಕೀರಮ್ಮ ಬಗ್ಗಿ ಒಂದು ತಟ್ಟೆ ಎತ್ತಿ ಸೆರಗಿನಿಂದ ಒರೆಸಿ ನೋಡಿದಳು.

ಅವನು ಮಣ್ಣು ಮೆತ್ತಿದ ಕೈಯಲ್ಲೇ ತಟ್ಟೆ, ಪಾಕೀಟು ಒಯ್ದು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟ. “ಗೊಬ್ಬರ ಆಕ್ಕತಿ ಅಂದಿದ್ದೆ ಸರ. ಸುಳ್ಳು ಹೇಳಿದಂಗಾತು.”

ಪಂಚಾಕ್ಷರಪ್ಪನವರು ಪಾಕೀಟನ್ನು ಎತ್ತಿ ನೋಡಿದರು. ಅದರ ಮೇಲಿನ ಅಕ್ಷರ ಇನ್ನೂ ಓದಲು ಬರುತ್ತಿತ್ತು. ಅಲ್ಲೇ ಇದ್ದ ರಸಾಯನಶಾಸ್ತ್ರದ ಸುಮಲತಾ ಮೇಡಂ ಅವರನ್ನು, “ಇದು ಕರಗಾಕ ಎಷ್ಟು ವರ್ಷ ಬೇಕ್ರಿ?” ಎಂದು ಕೇಳಿದರು.

“ನಾವ್ಯಾರೂ ನೋಡಾಂಗಿಲ್ರಿ ಸರ. ನಮ್ಮ ಮೊಮ್ಮಕ್ಕಳೂ ನೋಡಾಂಗಿಲ್ಲ.”

“ತರಿಸಿದಾವ ನಾನು,” ಎಂದರು ಪ್ರಿನ್ಸಿಪಾಲರು, ಪಾಕೀಟನ್ನು ಮೇಜಿನ ಮೇಲೆ ಇಳಿಸಿ.

ಗುಂಡಿ ಬರಿದು ಮಾಡಲು ನಾಲ್ಕು ದಿನ ಹಿಡಿಯಿತು. ಹುಡುಗರು ಹುಡುಗಿಯರು ಸುತ್ತ ನಿಂತು ನೋಡಿದರು. ಆ ವರ್ಷದ ವಾರ್ಷಿಕೋತ್ಸವಕ್ಕೆ ಕೂಡ್ಲಿಗಿ ಕಡೆಯ ಕುರುಚಲು ಕಾಡಿನಿಂದ ಮುತ್ತುಗದ ಎಲೆ ಬಂತು. ಪಕ್ಕೀರಮ್ಮ ಮತ್ತು ಓಣಿಯ ಹೆಂಗಸರು ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚಿಕೊಟ್ಟರು. ನೀರಿಗೆ ಮಣ್ಣಿನ ಗಡಿಗೆ ಇಟ್ಟರು. ಕ್ಯಾಂಟೀನಿಗೂ ಪ್ಲಾಸ್ಟಿಕ್ ಬದಲು ಸ್ಟೀಲಿನ ಲೋಟ ಬಂದವು. ಕ್ಯಾಂಟೀನಿನ ಅನ್ನದಾನಮ್ಮ ಮಾತ್ರ, “ಸ್ಟೀಲಿನ ಲೋಟ ತೊಳಿಯೋರು ಯಾರ್ರಿ?” ಎಂದು ತಿಂಗಳುಗಟ್ಟಲೆ ಜಗಳವಾಡಿದಳು. ಕುಡಿದವರೇ ತೊಳೆದಿಡಬೇಕೆಂದು ಗೊತ್ತುಮಾಡಿದ ಮೇಲೆ ಸುಮ್ಮನಾದಳು. ಕ್ಯಾಂಟೀನಿಗೆ ಬರುವ ಪ್ಲಾಸ್ಟಿಕ್ಕಿನ ಹಾಲಿನ ಪಾಕೀಟು ಮಾತ್ರ ನಿಲ್ಲಲಿಲ್ಲ.

ಮುಂದಿನ ವರ್ಷ ಉಚ್ಚಂಗಿದುರ್ಗದಲ್ಲಿ ಗಾದಿಲಿಂಗಪ್ಪನ ಅಕ್ಕನ ಮಗಳ ಮದುವೆ. ಪಂಕ್ತಿಯಲ್ಲಿ ಕುಳಿತವನ ಮುಂದೆ ಬಿಳಿ ತಟ್ಟೆ ಬಂತು. ಅವನು ಅದನ್ನು ಪಕ್ಕಕ್ಕೆ ಸರಿಸಿ ಎರಡೂ ಅಂಗೈ ಜೋಡಿಸಿ ಒಡ್ಡಿದ. “ಇದರಾಗ ಹಾಕ್ರಿ.”

ಪಂಕ್ತಿ ನಕ್ಕಿತು. ಬಡಿಸುವವನು ಅನ್ನದ ಬುಟ್ಟಿ ಹಿಡಿದು ಹಾಗೇ ನಿಂತ.

“ನಗ್ರಿ,” ಎಂದ ಗಾದಿಲಿಂಗಪ್ಪ. “ನಾನು ತೋಡಿ ನೋಡೀನಿ.”

ಅವನ ಅಕ್ಕ ಹಿತ್ತಲಿಗೆ ಹೋಗಿ ಒಂದು ಬಾಳೆಎಲೆ ಕೊಯ್ದು ತಂದು ಅವನ ಮುಂದೆ ಹಾಸಿದಳು.