ನಕ್ಷೆಯೊಳಗಿನ ಬಾವಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರಾಯಚೂರಿನ ಒಂದು ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಎಂಜಿನಿಯರರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಮೇಣದಂಥ ಪಾರದರ್ಶಕ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನೆಲ್ಲ ಕಪ್ಪು ಮಸಿಯಲ್ಲಿ ಎಳೆಯುವುದು ನನ್ನ ಕೆಲಸ. ಈ ಹುದ್ದೆ ಏನೆಂದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಮಾನ್ವಿಯಲ್ಲಿದ್ದ ಮಾವನ ಮನೆಯವರು ನೆಂಟರಿಗೆಲ್ಲ "ಅಳಿಯ ರಸ್ತೆ ಮಾಡ್ತಾನ" ಎಂದು ಹೇಳಿಕೊಂಡಿದ್ದರು. ಹೀಗಾಗಿ ಮಾನ್ವಿಗೆ ಹೋದಾಗಲೆಲ್ಲ ದಾರಿಯ ಗುಂಡಿಗಳಿಗೆಲ್ಲ ನಾನೇ ಉತ್ತರ ಕೊಡಬೇಕಾಗುತ್ತಿತ್ತು.

ಆ ವರ್ಷ ರಾಯಚೂರಿಗೆ ಹೊಸ ರಸ್ತೆಯೊಂದು ಬರುವುದಿತ್ತು. ಹತ್ತಿ ಗಿರಣಿಗಳ ಕಡೆಯಿಂದ ಹೊರಟು, ಹಳೆಯ ಓಣಿಯೊಂದನ್ನು ಸೀಳಿ, ಮಾನ್ವಿ ದಾರಿಯನ್ನು ಕೂಡುವ ಅರವತ್ತು ಅಡಿ ರಸ್ತೆ. ಅದರ ಆಚೆ ಹೊಸ ಬಡಾವಣೆ. ರಸ್ತೆ ಬೇಕೆಂದು ಓಣಿಯ ಜನರೇ ಅರ್ಜಿ ಕೊಟ್ಟಿದ್ದರು. ಅದು ಎಲ್ಲಿ ಬೀಳುತ್ತದೆಂದು ಗೊತ್ತಾದ ಮರುದಿನ ಅದೇ ಜನ ಮತ್ತೊಂದು ಅರ್ಜಿ ಕೊಟ್ಟರು. ಮೊದಲನೆಯದರಲ್ಲಿ ಸಾರ್ವಜನಿಕ ಹಿತದೃಷ್ಟಿಯಿಂದ ರಸ್ತೆ ಆಗಬೇಕು ಎಂದಿತ್ತು. ಎರಡನೆಯದರಲ್ಲಿ ಸಾರ್ವಜನಿಕ ಹಿತದೃಷ್ಟಿಯಿಂದ ರಸ್ತೆ ಸ್ವಲ್ಪ ಸರಿಯಬೇಕು ಎಂದಿತ್ತು.

ಸರಿಯುವುದೆಂದರೆ ನನ್ನ ಮೇಜಿನ ಮೇಲೆ ಸರಿಯುವುದು. ಮೊದಲು ಬಂದವರು ಒಬ್ಬ ವಕೀಲರು. ಆಗಷ್ಟೇ ಎರಡಂತಸ್ತಿನ ಮನೆ ಕಟ್ಟಿಸಿ, ಮುಂದೆ ಕಾರು ನಿಲ್ಲಿಸಲು ಪೋರ್ಟಿಕೋ ಮಾಡಿಸಿದ್ದರು. ಕಾರು ಇನ್ನೂ ಬಂದಿರಲಿಲ್ಲ. ನಮ್ಮ ಸಾಹೇಬರು ನನ್ನನ್ನು ಕರೆದು, "ಎರಡು ಮಿಲಿಮೀಟರ್ ಆ ಕಡಿ ಸರಸಪ, ಏನಾಗಂಗಿಲ್ಲ" ಎಂದರು. ನಕ್ಷೆಯ ಮೇಲೆ ಎರಡು ಮಿಲಿಮೀಟರ್ ಅಂದರೆ ನೆಲದ ಮೇಲೆ ಯಾರದೋ ಪಡಸಾಲೆ. ನಾನು ದಾಡಿ ಬ್ಲೇಡಿನಿಂದ ಹಳೆಯ ಗೆರೆ ಕೆರೆದು ಹೊಸದು ಎಳೆದೆ. ಆಮೇಲೆ ಹತ್ತಿ ದಲಾಲರು ಬಂದರು. ಅವರ ಗೋದಾಮು ಉಳಿಸಲು ಮತ್ತೆ ಕೆರೆದೆ. ಆಮೇಲೆ ಒಬ್ಬ ಪುಢಾರಿ ಬಂದರು; ಅವರಿಗೆ ಅಲ್ಲಿ ಮನೆಯೇ ಇರಲಿಲ್ಲ, ಆದರೂ ಯಾರೂ ತಮ್ಮನ್ನು ಕೇಳಲಿಲ್ಲವೆಂಬ ಬೇಜಾರಿಗೆ ಗೆರೆಯನ್ನು ಒಂದು ಮಿಲಿಮೀಟರ್ ಸರಿಸಿ ಹೋದರು.

ಹೀಗೆ ಬಂದವರನ್ನೆಲ್ಲ ಬಿಟ್ಟು ಹಿಂದೆ ಸರಿದ ರಸ್ತೆ, ಯಾರು ಬಂದಿರಲಿಲ್ಲವೋ ಅವರ ಮನೆಯ ಮೇಲೆ ಹೋಗಿ ನಿಂತಿತು. ಅದು ಹತ್ತಿ ಗಿರಣಿಯಲ್ಲಿ ಕಸ ಆರಿಸುವ ಒಬ್ಬ ವಿಧವೆಯ ಎರಡು ಖೋಲಿಯ ಮನೆ. ಎಷ್ಟು ಗೆರೆ ಎಳೆದು ಎಷ್ಟು ಕೆರೆದೆನೋ, ಆ ಜಾಗದಲ್ಲಿ ಬಟ್ಟೆ ತೆಳುವಾಗಿ ಒಂದು ದಿನ ತೂತು ಬಿತ್ತು.

ಟ್ರೇಸಿಂಗ್ ಬಟ್ಟೆ ಹರಿದರೆ ಮೆಮೊ ಗ್ಯಾರಂಟಿ. ನಾನು ಹೆದರಿದೆ. ಹಳೆಯ ಫೈಲಿನ ದಪ್ಪ ರಟ್ಟಿನಿಂದ ಎಂಟಾಣೆಯಷ್ಟು ಅಗಲದ ಗುಂಡನೆಯ ಚೂರು ಕತ್ತರಿಸಿ, ಹಿಂದಿನಿಂದ ಗೋಂದು ಹಚ್ಚಿ ಅಂಟಿಸಿದೆ. ಮುಂದಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಆದರೆ ಅಮೋನಿಯಾ ಪ್ರಿಂಟಿನಲ್ಲಿ ಬೆಳಕು ಬೀಳದ ಜಾಗವೆಲ್ಲ ನೀಲಿಯಾಗುತ್ತದೆ; ಪ್ರತಿ ತೆಗೆದಾಗ ಬೆಳಕು ಆ ರಟ್ಟಿನೊಳಗೆ ಹಾಯಲಿಲ್ಲ. ನಕ್ಷೆಯ ಎಂಟೂ ಪ್ರತಿಗಳಲ್ಲಿ ಆ ಮನೆಯ ಮೇಲೆ ನೀಲಿ ಬಣ್ಣದ ದುಂಡನೆಯ ಚುಕ್ಕೆ ಬಂತು. ನಮ್ಮ ನಕ್ಷೆಗಳಲ್ಲಿ ನೀಲಿ ದುಂಡು ಚುಕ್ಕೆ ಅಂದರೆ ಬಾವಿ.

ಸಾಹೇಬರು ಸಹಿ ಹಾಕುವ ಮುಂಚೆ ಕನ್ನಡಕ ಏರಿಸಿ ನೋಡಿದರು.

"ಇಲ್ಲೊಂದು ಬಾವಿ ಅದೇನಪ?"

"ಇರಬಹುದ್ರಿ ಸರ್" ಎಂದೆ.

ಇಡೀ ಸೇವಾವಧಿಯಲ್ಲಿ ನಾನು ಆಡಿದ ಮಾತುಗಳಲ್ಲಿ ಅಷ್ಟು ದೂರ ಹೋದದ್ದು ಇನ್ನೊಂದಿಲ್ಲ. ನಕ್ಷೆ ಮೇಲಿನ ಕಚೇರಿಗೆ ಹೋಯಿತು. ಅಲ್ಲಿ ಯಾರೋ ನೀರಿನ ಬಗ್ಗೆ ಕಾಳಜಿ ಇದ್ದವರಿದ್ದರು. "ಪುರಾತನ ಜಲಮೂಲವನ್ನು ಸಂರಕ್ಷಿಸಿ, ರಸ್ತೆಯನ್ನು ಅದರ ಸುತ್ತ ಬಾಗಿಸತಕ್ಕದ್ದು" ಎಂಬ ಷರಾದೊಂದಿಗೆ ಮಂಜೂರಾತಿ ಬಂತು. ಪುರಾತನ ಎಂಬ ಪದವನ್ನು ಅವರೇ ಸೇರಿಸಿದ್ದರು.

ರಸ್ತೆ ಬಾಗಿದ್ದು ವಕೀಲರ ಪೋರ್ಟಿಕೋ ಕಡೆಗೆ.

ಇದಾದ ಒಂದೆರಡು ತಿಂಗಳಿಗೆ ಆ ಮನೆಯ ಹೆಂಗಸು ಮಗಳನ್ನು ಕರೆದುಕೊಂಡು ಕಚೇರಿಗೆ ಬಂದಳು. ನಾನು ಆಕೆಯನ್ನು ಆವರೆಗೆ ನೋಡಿರಲಿಲ್ಲ. ಆಕೆಯ ಮನೆಯನ್ನು ಮಾತ್ರ ಹತ್ತಾರು ಸಲ ಅಳಿಸಿದ್ದೆ. ತಲೆಗೂದಲಿಗೆ ಹತ್ತಿಯ ಎಳೆಗಳು ಅಂಟಿಕೊಂಡೇ ಇದ್ದವು. ಮಗಳು ಶಿಕ್ಷಕಿಯರ ತರಬೇತಿ ಓದುತ್ತಿದ್ದಳು, ಕೈಯಲ್ಲಿ ಅರ್ಜಿ ಹಿಡಿದಿದ್ದಳು. ಮುತ್ತಿನಂಥ ಅಕ್ಷರ.

"ನಳ ಬೇಕಂತ ಅರ್ಜಿ ಹಾಕಿದ್ದಿವ್ರಿ," ಎಂದಳು ತಾಯಿ. "ನಿಮ್ಮ ಮನ್ಯಾಗ ಬಾವಿ ಅದ, ನಳ ಕೊಡಂಗಿಲ್ಲ ಅಂತ ಬರದು ಕೊಟ್ಟಾರ. ಇಪ್ಪತ್ತು ವರ್ಷ ಆತು, ನಾ ಕೊಡ ಹೊತ್ಕೊಂಡು ಊರೆಲ್ಲ ತಿರಗಾಕತ್ತೀನಿ. ಬಾವಿ ಎಲ್ಲಿ ಅದ ಅಂತ ನೀವಾರ ತೋರಸ್ರಿ, ಅಲ್ಲೇ ಸೇದ್ಕೋತೀನಿ."

ಗುಮಾಸ್ತರು ನಕ್ಷೆ ತೆಗೆದು ತೋರಿಸಿದರು. "ಇಲ್ನೋಡವ್ವಾ, ಇಷ್ಟು ದೊಡ್ಡ ಬಾವಿ. ನಿಮಗ ಕಾಣಲಿಲ್ಲಂದ್ರ ನಾವೇನ್ ಮಾಡೂಣು?"

ಆಕೆ ನಕ್ಷೆಯನ್ನು ಬಹಳ ಹೊತ್ತು ನೋಡಿದಳು. ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಅವರು ಹೊರಟಾಗ ಹಿಂದೆಯೇ ಹೋಗಿ, ಬೇವಿನ ಮರದ ಕೆಳಗೆ ನಿಲ್ಲಿಸಿ, ಗೆರೆ ಸರಿದದ್ದು, ತೂತು ಬಿದ್ದದ್ದು, ರಟ್ಟು ಅಂಟಿಸಿದ್ದು ಎಲ್ಲ ಹೇಳಿದೆ. ಬೈಯಬಹುದೆಂದು ಕಾದೆ. ಆಕೆ ಬೈಯಲಿಲ್ಲ. ಲೆಕ್ಕ ಬಿಡಿಸುವವಳಂತೆ ನಿಧಾನವಾಗಿ ಕೇಳಿದಳು:

"ಅಂದ್ರ, ಬಾವಿ ಇಲ್ಲ ಅಂತ ನಾ ಹೇಳಿದ್ರ ಮನಿ ಹೋಗ್ತದ."

"ಹೌದವ್ವಾ."

"ಅದ ಅಂದ್ರ ನೀರು ಬರಂಗಿಲ್ಲ."

"ಹೌದು."

"ಹಂಗಾದ್ರ ಅದ ಅನ್ನೂಣು," ಎಂದಳು. "ಕೊಡ ಹೊರಾದು ರೂಢಿ ಅದ. ಮನಿ ಹೊರಾಕ ಬರಂಗಿಲ್ಲ."

ವಿಷಯ ಅಷ್ಟಕ್ಕೇ ನಿಲ್ಲುತ್ತಿತ್ತೇನೋ. ಆದರೆ ವಕೀಲರು ತಕರಾರು ಹಾಕಿದರು: ಸದರಿ ಸ್ಥಳದಲ್ಲಿ ಬಾವಿ ಎಂಬುದು ಎಂದೂ ಇರಲಿಲ್ಲ, ಖುದ್ದು ಪರಿಶೀಲನೆ ಆಗಬೇಕು. ಅವರು ಬರೆದದ್ದು ಅಕ್ಷರಶಃ ನಿಜ. ಆ ಇಡೀ ಫೈಲಿನಲ್ಲಿ ನಿಜ ಅಂತ ಇದ್ದದ್ದು ಅದೊಂದೇ ಕಾಗದ.

ಪರಿಶೀಲನೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ಬೇಸಿಗೆ ಬೆಳಿಗ್ಗೆ. ಒಂಬತ್ತು ಗಂಟೆಗೇ ರಾಯಚೂರಿನ ಗುಡ್ಡದ ಬಂಡೆಗಳಿಂದ ಝಳ ಬೀಸುತ್ತಿತ್ತು. ಅಧಿಕಾರಿ ಛತ್ರಿಯ ಕೆಳಗೆ, ವಕೀಲರು ಕಪ್ಪು ಕೋಟಿನಲ್ಲಿ, ನಾನು ನಕ್ಷೆಯ ಸುರುಳಿ ಹಿಡಿದು ಎಲ್ಲರ ಹಿಂದೆ. ಓಣಿಯ ಜನವೆಲ್ಲ ಸೇರಿತ್ತು.

ಮನೆಯ ಅಂಗಳದಲ್ಲಿ ಬಟ್ಟೆ ಒಗೆಯುವ ದೊಡ್ಡ ಪರಸಿ ಕಲ್ಲೊಂದು ಹಾಸಿತ್ತು. ತಾಯಿ ಅದರ ಪಕ್ಕದಲ್ಲಿ ನಿಂತಿದ್ದಳು.

"ಬಾವಿ ಎಲ್ಲಿ?" ಎಂದರು ಅಧಿಕಾರಿ.

"ಇದರ ಕೆಳಗ ಅಂತಾರ್ರೀ" ಎಂದಳು. ಯಾರು ಅನ್ನುತ್ತಾರೆಂದು ಹೇಳಲಿಲ್ಲ.

ಆಗ ಪಕ್ಕದ ಅಂಗಡಿಯ ಮುದುಕರು ಮುಂದೆ ಬಂದರು. ಅವರದು ಹಗ್ಗ, ಬಕೀಟು, ಕೊಡಗಳ ವ್ಯಾಪಾರ. ಮನೆಯಲ್ಲಿ ದಖನಿ ಮಾತಾಡುವವರು, ಗಿರಾಕಿಗಳ ಜೊತೆ ಗಿರಾಕಿಗಳ ಭಾಷೆ. ರಸ್ತೆ ನೆಟ್ಟಗೆ ಹೋದರೆ ಅವರ ಅಂಗಡಿಯ ಅರ್ಧವೂ ಹೋಗುತ್ತಿತ್ತು.

"ಸಾಬ್, ನಾ ಸುಳ್ಳು ಹೇಳಂಗಿಲ್ಲ," ಎಂದರು. "ನಿಜಾಮರ ಕಾಲದಾಗ ಈ ಬಾವಿಗಿ ಹಗ್ಗ ಕೊಟ್ಟವರೇ ನಮ್ಮ ಅಬ್ಬಾ. ಬರಾಬರ್ ನಲವತ್ತು ಮೊಳ. ನೀರು ಶರಬತ್ತಿನಂಗ ಇತ್ತಂತ ಹೇಳ್ತಿದ್ರು."

ಸುಳ್ಳು ಹೇಳುವುದಿಲ್ಲವೆಂದು ಶುರುಮಾಡಿ ಅಷ್ಟು ಅಳತೆಬದ್ಧವಾಗಿ ಸುಳ್ಳು ಹೇಳಿದವರನ್ನು ನಾನು ಆವರೆಗೆ ಕಚೇರಿಯ ಒಳಗೆ ಮಾತ್ರ ನೋಡಿದ್ದೆ. ಅಧಿಕಾರಿ ನಲವತ್ತು ಮೊಳವನ್ನು ಬರೆದುಕೊಂಡರು.

ವಕೀಲರು ಬಿಡಲಿಲ್ಲ. "ಕಲ್ಲು ಎತ್ತಸ್ರಿ" ಎಂದರು.

ನಾಲ್ಕು ಜನ ಹಾರೆ ಹಾಕಿ ಕಲ್ಲು ಮಗುಚಿದರು. ಕೆಳಗೆ ಇದ್ದದ್ದು ತಂಪು ಮಣ್ಣು, ನಾಲ್ಕು ಎರೆಹುಳ, ಒಂದು ಮುರಿದ ಬಳೆ.

"ನೋಡ್ರಿ, ಬರೇ ಮಣ್ಣು," ಎಂದರು ವಕೀಲರು. "ಬಾವಿ ಎಲ್ಲಿ ಅದ?"

ಆವರೆಗೆ ಬಾಗಿಲಲ್ಲಿ ನಿಂತಿದ್ದ ಮಗಳು ಕೆಳಗಿಳಿದು ಬಂದಳು. "ಸರ್, ಮುಚ್ಚಿದ ಬಾವ್ಯಾಗ ಮಣ್ಣೇ ಇರ್ತದಲ್ರೀ," ಎಂದಳು. "ಮಣ್ಣು ಇರಲಿಲ್ಲಂದ್ರ ಅದು ಮುಚ್ಚಿದ ಬಾವಿ ಹೆಂಗಾಗ್ತದ?"

ಅಧಿಕಾರಿ ಮಣ್ಣನ್ನು ನೋಡಿದರು, ಆಕೆಯನ್ನು ನೋಡಿದರು. ಇಷ್ಟು ವರ್ಷ ಕೋರ್ಟಿನಲ್ಲಿ ವಕೀಲರು ತಾವೇ ಬಳಸಿದ ಥರದ ವಾದ ಅದು. ಅವರು ಕಪ್ಪು ಕೋಟು ಸರಿಮಾಡಿಕೊಂಡು, "ಮುಚ್ಚಿದ ಬಾವಿ ಆದ್ರ ರಸ್ತಿ ಯಾಕ ಬಾಗಬೇಕು? ನೆಟ್ಟಗ ಹೋಗಲಿ" ಎಂದರು.

ಪ್ರಶ್ನೆ ಚೆನ್ನಾಗಿತ್ತು. ಆದರೆ ಬಿಸಿಲೇರುತ್ತಿತ್ತು, ಅಧಿಕಾರಿಗೆ ಹೊರಡುವ ಅವಸರ. "ಮಂಜೂರಾತಿಯಾಗ ಬಾವಿ ಅಂತ ಅಷ್ಟೇ ಅದ," ಎಂದರು. "ತೆರದದ್ದೋ ಮುಚ್ಚಿದ್ದೋ ಅಂತ ಇಲ್ಲ. ಬದಲು ಮಾಡಬೇಕಂದ್ರ ಫೈಲು ಮತ್ತ ಮ್ಯಾಲ ಹೋಗಬೇಕು. ಕಳಸೂಣೇನ್ರಿ?"

ಯಾರೂ ಹೂಂ ಅನ್ನಲಿಲ್ಲ. ಫೈಲು ಮೇಲೆ ಹೋದರೆ ಗೆರೆ ಮತ್ತೆ ಎಲ್ಲಿ ಬೀಳುತ್ತದೋ ಎಂಬ ಭಯ ದಲಾಲರಿಗೂ ಇತ್ತು, ಹಗ್ಗದ ಮುದುಕರಿಗೂ ಇತ್ತು, ಒಂದು ಕ್ಷಣದ ಮೇಲೆ ವಕೀಲರಿಗೂ ಬಂತು. ಅಧಿಕಾರಿ ಕಲ್ಲನ್ನು ಇದ್ದಲ್ಲೇ ಇಡಿಸಿ, "ಮುಚ್ಚಲ್ಪಟ್ಟ ಪುರಾತನ ಬಾವಿ, ಆಳ ನಲವತ್ತು ಮೊಳ" ಎಂದು ವರದಿ ಬರೆದರು. ಸ್ಥಳದಲ್ಲಿದ್ದವರ ಸಹಿ ತೆಗೆದುಕೊಂಡರು. ನಾನೂ ಸಹಿ ಮಾಡಿದೆ.

ಮಗಳು ಅದೇ ವಾರ ಹೊಸ ಅರ್ಜಿ ಬರೆದಳು: ಮನೆಯಲ್ಲಿರುವ ಬಾವಿ ಮುಚ್ಚಿದೆಯೆಂದು ಸರ್ಕಾರವೇ ದೃಢೀಕರಿಸಿರುವುದರಿಂದ ನಳ ಮಂಜೂರು ಮಾಡಬೇಕು. ಜೊತೆಗೆ ವರದಿಯ ನಕಲು ಇಟ್ಟಳು. ಎದುರು ಮಾತಾಡಲು ಯಾರಿಗೂ ದಾರಿ ಸಿಗಲಿಲ್ಲ. ನಳ ಬರಲು ಮತ್ತೆ ಒಂದೂವರೆ ವರ್ಷ ಹಿಡಿಯಿತು. ಬಂದ ಮೇಲೆ ನೀರು ದಿನ ಬಿಟ್ಟು ದಿನ, ದಾರದ ಎಳೆಯಷ್ಟು ದಪ್ಪ.

ರಸ್ತೆಯೂ ಆಯಿತು. ವಕೀಲರು ತಡೆಯಾಜ್ಞೆ ತಂದರು, ಪೋರ್ಟಿಕೋ ಉಳಿಯಿತು. ಒಂದು ಕಡೆ ಇಲ್ಲದ ಬಾವಿ, ಇನ್ನೊಂದು ಕಡೆ ಕಾರಿಲ್ಲದ ಪೋರ್ಟಿಕೋ, ನಡುವೆ ಅರವತ್ತು ಅಡಿ ರಸ್ತೆ ಇಪ್ಪತ್ತೆರಡು ಅಡಿಯಾಗಿ ಮೈ ಹಿಂಡಿಕೊಂಡು ಹೋಗುತ್ತಿತ್ತು. ಎದುರುಬದುರಾದ ಹತ್ತಿಯ ಬಂಡಿಗಳು ಅಲ್ಲಿ ಯಾರು ಹಿಂದೆ ಸರಿಯಬೇಕೆಂದು ಜಗಳಾಡುತ್ತಿದ್ದವು. ಆಚೆಯ ಬಡಾವಣೆಯವರು ರಸ್ತೆ ಅಗಲ ಮಾಡಬೇಕೆಂದು ಸಾರ್ವಜನಿಕ ಹಿತದೃಷ್ಟಿಯಿಂದ ಅರ್ಜಿ ಕೊಡಲು ಶುರುಮಾಡಿದರು. ಅಷ್ಟರಲ್ಲಿ ನನಗೆ ದೇವದುರ್ಗಕ್ಕೆ ವರ್ಗವಾಯಿತು.

ಎಂಬತ್ತರ ದಶಕದ ನಡುವೆ ಮನೆಯಿಲ್ಲದವರಿಗೆ ನಿವೇಶನ ಗುರುತಿಸುವ ಕೆಲಸಕ್ಕೆ ಅದೇ ತಾಲ್ಲೂಕಿನ ಮಸರಕಲ್‌ಗೆ ಹೋಗಿದ್ದೆ. ಊರ ಹೊರಗಿನ ಎರೆಹೊಲದ ಅಂಚಿನಲ್ಲಿ ಸರಪಳಿ ಹಿಡಿದು ಅಳೆಯುವಾಗ, ಶಾಲೆಯ ಕಡೆಯಿಂದ ಒಬ್ಬ ಶಿಕ್ಷಕಿ ನಡೆದು ಬಂದರು. ಅಂಗಳದಲ್ಲಿ ಕಲ್ಲು ಎತ್ತಿಸಿದ ದಿನ ಕೆಳಗಿಳಿದು ಬಂದವಳನ್ನು ಗುರುತಿಸಲು ನನಗೆ ಕಷ್ಟವಾಗಲಿಲ್ಲ. ಆಕೆಗೆ ಅಲ್ಲೇ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಶಾಲೆಯ ಕಟ್ಟೆಯ ಮೇಲೆ ಕೂರಿಸಿ ಚಹಾ ತರಿಸಿದಳು.

"ಅವ್ವ ಆರಾಮ ಅದಾಳ್ರೀ," ಎಂದಳು. "ಗಿರಣಿ ಬಿಡಿಸೀನಿ. ನಿಮ್ಮನ್ನ ಭಾಳ ನೆನಸ್ತಾಳ. ಆ ಯಪ್ಪಾ ಬೇಕಂತಲೇ ಬಾವಿ ಬರದು ನಮ್ಮ ಮನಿ ಉಳಸಿದ, ನಮ್ಮ ಮುಂದ ಸುಮ್ಮನ ತಪ್ಪು ಆತು ಅಂತ ಹೇಳಿದ ಅಂತಾಳ."

ನಾನು ಚಹಾದ ಲೋಟ ಕೆಳಗಿಟ್ಟೆ.

"ಖರೇನಾ ಸರ್?" ಎಂದು ಕೇಳಿದಳು.

ಹೌದೆನ್ನಲು ಬಹಳ ಆಸೆಯಾಯಿತು. ಹೇಳಿದ್ದರೆ ಯಾರೂ ಪರಿಶೀಲನೆಗೆ ಬರುತ್ತಿರಲಿಲ್ಲ. ಆದರೆ ಆಕೆಯ ಎದುರಿಗೆ ಆ ಸುಳ್ಳು ನಿಲ್ಲುವಂಥದಲ್ಲ ಎನ್ನಿಸಿತು.

"ಇಲ್ಲವ್ವಾ," ಎಂದೆ. "ಮೆಮೊಕ್ಕ ಹೆದರಿದ್ದೆ."

ಆಕೆ ನಕ್ಕಳು. "ನನಗ ಗೊತ್ತಿತ್ರಿ," ಎಂದಳು. "ಅವ್ವಗ ಮಾತ್ರ ಹೇಳಬ್ಯಾಡ್ರಿ. ಕಚೇರಿಯಾಗ ಒಬ್ಬರಾದ್ರೂ ಒಳ್ಳೇವ್ರು ಇದ್ರು ಅಂತ ತಿಳಕೊಂಡಾಳ, ಇರಲಿ."

ನಾನು ಆಗಲಿ ಎಂದೆ. ಆಮೇಲೆ ಆಕೆ ಎದ್ದು, ನಾನು ಊರಿದ ಗೂಟಗಳ ಹತ್ತಿರ ಬಂದು, ನಿವೇಶನಗಳಿಗೆ ಹೋಗುವ ದಾರಿ ಎಲ್ಲಿ ಬರುತ್ತದೆ, ನಕ್ಷೆ ತೋರಿಸಿ ಎಂದಳು. ತೋರಿಸಿದೆ. ಬೆರಳಿಟ್ಟು ಒಂದೊಂದೇ ಗೆರೆ ನೋಡುತ್ತಾ, ಇದರಲ್ಲಿ ಯಾರ್ಯಾರು ನಿಮ್ಮ ಕಚೇರಿಗೆ ಬಂದು ಹೋಗಿದ್ದಾರೆ ಎಂದು ಕೇಳಿದಳು.