ಜೊತೆ ಕಾಸು

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವ ಕಾಂತರಾಜುವಿನ ಬಗ್ಗೆ ಊರಿನವರು ಎರಡು ಮಾತು ಹೇಳುತ್ತಾರೆ. ಒಂದು, ಅವನ ಕೈಗೆ ಸಿಕ್ಕಿದ ಮಷಿನ್ ಮತ್ತೆ ಹತ್ತು ವರ್ಷ ತಂಟೆ ಮಾಡುವುದಿಲ್ಲ. ಎರಡು, ಅವನ ಬಾಯಿಗೆ ಸಿಕ್ಕಿದ ಮನುಷ್ಯ ಮತ್ತೆ ಹತ್ತು ವರ್ಷ ಅವನ ಅಂಗಡಿ ಕಡೆ ತಲೆ ಹಾಕುವುದಿಲ್ಲ. ವಯಸ್ಸು ಐವತ್ತೆರಡಾದರೂ ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇದೆ. ಹಾಗಂತ ಕೆಟ್ಟವನಲ್ಲ. ಬೈದ ಅರ್ಧ ಗಂಟೆಗೆ ತಾನೇ ಟೀ ತರಿಸಿ ಕುಡಿಸಿ, "ಏನೋ ಬಾಯಿಗೆ ಬಂದ್ಬಿಡ್ತು ಕಣಪ್ಪಾ" ಎನ್ನುತ್ತಾನೆ. ಆದರೆ ಟೀ ಕುಡಿಸಲು ಆಗುವುದು ಎದುರಿಗೆ ಕೂತವರಿಗೆ ಮಾತ್ರ. ಇದು ಅವನಿಗೆ ಅರ್ಥವಾಗಲು ಫೋನಿನಲ್ಲಿ ವ್ಯಾಪಾರ ಮಾಡಬೇಕಾಯಿತು.

ವ್ಯಾಪಾರ ಹಳೇ ಬೆಳ್ಳಿ ರೂಪಾಯಿಗಳದು. ರಿಪೇರಿಗೆಂದು ಕಡೂರು, ತರೀಕೆರೆ, ಪಂಚನಹಳ್ಳಿ ಎಂದು ಮನೆಮನೆಗೆ ಹೋಗುವವನು. ಮಷಿನ್ನಿನ ಡ್ರಾಯರು ಎಳೆದರೆ ಗುಂಡಿ, ಸೂಜಿ, ಮುರಿದ ಬಳಪದ ನಡುವೆ ಒಮ್ಮೊಮ್ಮೆ ರಾಜನ ತಲೆಯ ರೂಪಾಯಿಯೂ ಇರುತ್ತಿತ್ತು. ಮನೆಯವರು ಅದನ್ನು ಕರಗಿಸಿ ಕಾಲುಂಗುರ ಮಾಡಿಸುವ ಯೋಚನೆಯಲ್ಲಿರುತ್ತಿದ್ದರು. ಅದನ್ನು ಕೇಳಿದರೆ ಕಾಂತರಾಜುವಿಗೆ ಹೊಟ್ಟೆ ಉರಿಯುತ್ತಿತ್ತು. ಅಷ್ಟೇ ತೂಕದ ಹೊಸ ಬೆಳ್ಳಿ, ಮೇಲಿಷ್ಟು ದುಡ್ಡು ಕೊಟ್ಟು ನಾಣ್ಯವನ್ನು ಉಳಿಸಿಕೊಂಡು ಬರುತ್ತಿದ್ದ. ಪಂಚನಹಳ್ಳಿಯ ಶಂಕರಮ್ಮ ಅವನ ಕೈಗೆ ಸಾವಿರದ ಒಂಬೈನೂರ ಮೂವತ್ತೆಂಟರ ಒಂದು ರೂಪಾಯಿ ಇಟ್ಟಾಗ, ಯಾವ ಟಂಕಸಾಲೆಯದೆಂದು ಹೇಳುವ, ಇಸವಿಯ ಹತ್ತಿರದ ಸಣ್ಣ ಚುಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿ ನೋಡಿ ಅವರ ಮಷಿನ್ ರಿಪೇರಿಯ ಕೂಲಿ ಕೇಳುವುದನ್ನೇ ಮರೆತು ಬಂದಿದ್ದ.

ಹೀಗೆ ಕೂಡಿಸಿದ್ದನ್ನು ನಾಣ್ಯಪ್ರಿಯರ ಒಂದು ಜಾಲತಾಣದಲ್ಲಿ ಮಾರುತ್ತಿದ್ದ. ಮೂರು ವರ್ಷದಲ್ಲಿ ಒಂದು ದೂರಿಲ್ಲ. ಕಳಿಸುವುದರಲ್ಲಿ ಅವನ ಶಿಸ್ತೇ ಶಿಸ್ತು. ನಾಣ್ಯವನ್ನು ಅಂಚು ಹಿಡಿದು ಎತ್ತಿ ಪ್ಲಾಸ್ಟಿಕ್ ಲಕೋಟೆಗೆ ಇಳಿಸಿ, ಎರಡು ರಟ್ಟಿನ ನಡುವೆ ಬಿಗಿದು, ಸುತ್ತ ಹತ್ತಿ ತುರುಕಿ, ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ. ಸದ್ದು ಬರಕೂಡದು. ಸದ್ದು ಬಂತೋ, ಒಳಗೆ ಕಾಸಿದೆ ಬನ್ನಿ ಎಂದು ದಾರಿಯುದ್ದಕ್ಕೂ ಟಾಂ ಟಾಂ ಹೊಡೆದಂತೆ. ಇದನ್ನೆಲ್ಲ ಫೋನಿನಲ್ಲಿ ವಿಡಿಯೊ ಮಾಡಿ, ಡಬ್ಬಿಯನ್ನು ಅವ್ವ ಉಚ್ಚಂಗಮ್ಮನ ಮಂಚದ ಮೇಲಿಟ್ಟು, ಗಮ್‌ಟೇಪು ತರಲು ಒಳಗೆ ಹೋಗುತ್ತಿದ್ದ. ಟೇಪು ಯಾವತ್ತೂ ಇಟ್ಟ ಕಡೆ ಇರುತ್ತಿರಲಿಲ್ಲ. ಸಿಕ್ಕಿದರೆ ಅದರ ತುದಿ ಸಿಗುತ್ತಿರಲಿಲ್ಲ.

ಕಳಿಸುವುದು ಒಂದು ಖಾಸಗಿ ಕೊರಿಯರ್‌ನಲ್ಲಿ. ಬೆಳ್ಳಿ ಎಂದು ಬರೆದರೆ ಅವರು ತೆಗೆದುಕೊಳ್ಳುತ್ತಿರಲಿಲ್ಲ. "ಮಷಿನ್ ಸಾಮಾನು ಅಂತ ಬರೀರಿ ಸಾರ್, ಹೆಂಗೂ ನಿಮ್ದು ಅದೇ ಕೆಲ್ಸ" ಎಂದು ಕೌಂಟರಿನವನೇ ಹೇಳಿಕೊಟ್ಟಿದ್ದ. ಕಾಂತರಾಜು ಹಾಗೇ ಬರೆದ.

ಶಂಕರಮ್ಮನ ರೂಪಾಯಿಯನ್ನು ಕೊಂಡವರು ರಾಣೆಬೆನ್ನೂರಿನ ನಿವೃತ್ತ ಗಣಿತದ ಮೇಷ್ಟ್ರು ಮಲ್ಲಿಕಾರ್ಜುನಪ್ಪ. ಪಾರ್ಸೆಲ್ ತಲುಪಿದ ದಿನ ಅವರು ಜಾಲತಾಣದಲ್ಲಿ ಒಂದು ಫೋಟೊ ಹಾಕಿದರು. ಬಿಚ್ಚಿದ ಡಬ್ಬಿ, ಕೆದರಿದ ಹತ್ತಿ, ಮಧ್ಯದಲ್ಲಿ ಈಗಿನ ಕಾಲದ ಸ್ಟೀಲಿನ ಒಂದು ರೂಪಾಯಿ. ಕೆಳಗೆ ಬರೆದಿದ್ದರು: "ಒಂದು ರೂಪಾಯಿ ಕೊಂಡೆ, ಒಂದು ರೂಪಾಯಿ ಬಂತು. ಇಂಥ ಕಳ್ಳರಿದ್ದಾರೆ, ಎಚ್ಚರಿಕೆ."

ಕಳ್ಳ ಎಂಬ ಮಾತನ್ನು ಕಾಂತರಾಜು ಮೂರು ಸಲ ಓದಿದ. ಅವನ ಅಪ್ಪ ಮಂಜಪ್ಪ ಕಂಡವರ ಕಣದಲ್ಲಿ ರಾಶಿ ಕಾದವನು. ಹೊಟ್ಟೆ ಹಸಿದಾಗಲೂ ಒಂದು ಕಾಳು ಮುಟ್ಟಲಿಲ್ಲ ಎಂದು ಊರೇ ಹೇಳುತ್ತಿತ್ತು. ಆ ಮನೆಯವನಿಗೆ ಈ ಮಾತು ಕಾದ ಎಣ್ಣೆ ಎರಚಿದ ಹಾಗಾಯಿತು. ಹೆಂಡತಿ ನಯನ, "ನಾಳೆ ಬರೀರಿ, ಈಗ ಬ್ಯಾಡ" ಎಂದು ಫೋನು ಕಸಿದುಕೊಳ್ಳಲು ನೋಡಿದಳು. ಕೇಳಬೇಕಲ್ಲ. ಅಲ್ಲೇ ನಿಂತು ಬರೆದ: "ಈ ಮೇಷ್ಟ್ರು ಸುಳ್ಳುಗಾರ. ನನ್ನ ಬೆಳ್ಳಿ ನುಂಗಿ, ತನ್ನ ಜೇಬಿನ ಒಂದು ರೂಪಾಯಿ ಇಟ್ಟು ಫೋಟೊ ತೆಗೆದಿದ್ದಾನೆ. ಇವನ ಹತ್ತಿರ ಓದಿದ ಮಕ್ಕಳ ಗತಿ ಏನೋ."

ಜಾಲತಾಣದವರು ಇಬ್ಬರಿಂದಲೂ ವಿಡಿಯೊ ಕೇಳಿದರು. ಕಾಂತರಾಜುವಿನ ವಿಡಿಯೊದಲ್ಲಿ ನಾಣ್ಯ ಡಬ್ಬಿಯೊಳಗೆ ಹೋಗಿದ್ದು ಹಾಡಹಗಲಿನಷ್ಟು ಸ್ಪಷ್ಟವಾಗಿತ್ತು. ಮೇಷ್ಟ್ರ ಹತ್ತಿರ ಡಬ್ಬಿ ಬಿಚ್ಚಿದ ವಿಡಿಯೊ ಇರಲಿಲ್ಲ. ಮನೆಗೆ ಬಂದ ಪಾರ್ಸೆಲನ್ನು ಯಾರಾದರೂ ಸಿನಿಮಾ ತೆಗೆದು ಬಿಚ್ಚುತ್ತಾರೆಯೇ ಎಂದು ಅವರು ಕೇಳಿದ್ದರಂತೆ. ಐದು ವಾರ ಕಾಂತರಾಜುವಿನ ಆನ್‌ಲೈನ್ ಅಂಗಡಿಗೆ ಬೀಗ ಬಿದ್ದಿತ್ತು. ಆ ಐದು ವಾರ ಅವನು ಮನೆಯಲ್ಲಿ ಉಂಡ ಅನ್ನಕ್ಕಿಂತ ಆಡಿದ ಬೈಗುಳ ಹೆಚ್ಚು. ಕೊನೆಗೆ ತೀರ್ಪು ಬಂತು. ಮಾರಿದವನ ತಪ್ಪಿಲ್ಲ. ಮೇಷ್ಟ್ರು ಹಾಕಿದ ಫೋಟೊವನ್ನು ಜಾಲತಾಣದವರು ತೆಗೆದುಹಾಕಿದರು. ಅವರ ಹೆಸರಿನ ಮುಂದೆ ಕೆಂಪಕ್ಷರದಲ್ಲಿ "ಸುಳ್ಳು ದೂರು" ಎಂಬ ಗುರುತು ಬಿತ್ತು. ಕಾಂತರಾಜು ಬರೆದ ಬೈಗುಳ ಮಾತ್ರ ಅದರ ಕೆಳಗೆ ಹಾಗೇ ಉಳಿಯಿತು.

ಅವನು ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದ.

ಮಾರನೆಯ ವಾರ ತರೀಕೆರೆಯ ಒಬ್ಬರಿಗೆ ನಾಣ್ಯ ಕಳಿಸಬೇಕಿತ್ತು. ಎಂದಿನಂತೆ ಡಬ್ಬಿ ತುಂಬಿ, ವಿಡಿಯೊ ಮಾಡಿ, ಮಂಚದ ಮೇಲಿಟ್ಟು ಟೇಪಿಗೆ ಹೊರಟ. ಅಪರೂಪಕ್ಕೆ ಆ ದಿನ ಟೇಪು ಅವನ ಜೇಬಿನಲ್ಲೇ ಇತ್ತು. ಬಾಗಿಲಿಂದಲೇ ತಿರುಗಿ ಬಂದು ನೋಡಿದರೆ, ಉಚ್ಚಂಗಮ್ಮ ಸೆರಗಿನ ಗಂಟು ಬಿಚ್ಚಿ, ಒಂದು ರೂಪಾಯಿಯನ್ನು ಕಣ್ಣಿಗೊತ್ತಿಕೊಂಡು ಡಬ್ಬಿಯೊಳಗೆ ಹಾಕುತ್ತಿದ್ದಳು.

"ಏನವ್ವಾ ಅದು?"

"ಜೊತೆ ಕಾಸು ಕಣೋ" ಎಂದಳು ಅವಳು, ಇದನ್ನೂ ಕೇಳುತ್ತಾನಲ್ಲ ಎಂಬಂತೆ. "ಒಂಟಿ ಬೆಳ್ಳೀನ ಹೊಸ್ಲು ದಾಟಿಸ್ಬಾರ್ದು. ನಮ್ಮವ್ವ ಒಂದು ಉಂಗುರ ಕೊಟ್ರೂ ಜೊತೇಗೆ ಒಂದು ಕಾಸಿಟ್ಟು ಕೊಡೋಳು."

"ಎಷ್ಟು ದಿನದಿಂದ ಹಾಕ್ತಿದ್ದೀಯ?"

"ನೀನು ಕಳ್ಸೋಕೆ ಸುರು ಮಾಡ್ದಾಗಿಂದ. ನಿಂಗೆ ಹೇಳಿದ್ರೆ ಗೋಡೆ ಮೇಲಿನ ಬುದ್ಧನ ಪಟ ತೋರ್ಸಿ, ಮೂಢನಂಬಿಕೆ ಅಂತ ಬಯ್ತೀಯ ಅಂತ ಸುಮ್ನಿದ್ದೆ."

ಕಾಂತರಾಜು ಮಂಚದ ಕಾಲಿನ ಹತ್ತಿರ ಕೂತ. ಕಡೂರಿನ ಒಬ್ಬ ಗಿರಾಕಿ ಹಿಂದೊಮ್ಮೆ "ಆ ಒಂದು ರೂಪಾಯಿಗೆ ಧನ್ಯವಾದ" ಎಂದು ಬರೆದಿದ್ದು ನೆನಪಾಯಿತು. ಬೆಳ್ಳಿಯದಕ್ಕೆ ಹೇಳಿದ್ದಾನೆ ಎಂದು ಇವನು ಬೀಗಿದ್ದ. ಡಬ್ಬಿಯನ್ನೆತ್ತಿ ಅಲ್ಲಾಡಿಸಿದ. ಮೇಲೆ ಬಿಡಿಯಾಗಿ ಬಿದ್ದಿದ್ದ ಸ್ಟೀಲಿನ ಕಾಸು ಟಿಣ್ ಟಿಣ್ ಎಂದಿತು. ಟೇಪು ಸುತ್ತಿದ ಮೇಲೆ ಅವನು ಯಾವತ್ತೂ ಅಲ್ಲಾಡಿಸಿ ನೋಡಿರಲಿಲ್ಲ. ರಾಣೆಬೆನ್ನೂರಿನ ತನಕ ಅದು ಹೀಗೇ ಸದ್ದು ಮಾಡುತ್ತಾ ಹೋಗಿರಬೇಕು. ದಾರಿಯಲ್ಲಿ ಯಾವನೋ ಕಿವಿಯಿದ್ದವನು ಬಿಚ್ಚಿ, ಬೆಲೆ ಬಾಳುವುದನ್ನು ಇಟ್ಟುಕೊಂಡು, ಬಾಳದ್ದನ್ನು ಬಿಟ್ಟು ಮತ್ತೆ ಅಂಟಿಸಿದ್ದಾನೆ. ಮೇಷ್ಟ್ರು ಕಂಡಿದ್ದನ್ನೇ ಬರೆದಿದ್ದರು.

ಅವ್ವನ ಮೇಲೆ ಎಗರಬೇಕು ಎನ್ನಿಸಿತು. ಎಗರಿದ ಕೂಡ. "ನಿನ್ನ ಕಾಸು ನನ್ನ ಮಾನ ತೆಗೀತಲ್ಲವ್ವ" ಎಂದು ಕೂಗಾಡಿದ. ಉಚ್ಚಂಗಮ್ಮ ಪೂರ್ತಿ ಕೇಳಿಸಿಕೊಂಡು, "ಕಾಸು ಹಾಕಿದ್ದು ನಾನು, ಸರಿ. ಆ ಮೇಷ್ಟ್ರನ್ನ ಸುಳ್ಳುಗಾರ ಅಂದಿದ್ದು ಯಾರು?" ಎಂದಳು.

ಅಂದಿನಿಂದ ಶುರುವಾಯಿತು ಅವನ ಪರದಾಟ. ತಪ್ಪು ನನ್ನದು, ದೂರು ಮತ್ತೆ ತೆರೆಯಿರಿ ಎಂದು ಜಾಲತಾಣಕ್ಕೆ ಬರೆದ. "ಈ ದೂರು ಮುಕ್ತಾಯಗೊಂಡಿದೆ. ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯೇ?" ಎಂದು ಉತ್ತರ ಬಂತು. ತೃಪ್ತಿ ಇಲ್ಲ ಎಂದು ಒತ್ತಿದರೆ, ಏಕೆ ತೃಪ್ತಿ ಇಲ್ಲ ಎಂಬುದಕ್ಕೆ ನಾಲ್ಕು ಕಾರಣ ತೋರಿಸಿತು. ಗೆದ್ದಿದ್ದೇ ತಪ್ಪಾಯಿತು ಎಂಬ ಕಾರಣ ಆ ನಾಲ್ಕರಲ್ಲಿ ಇರಲಿಲ್ಲ. ತಾನು ಬರೆದ ಬೈಗುಳವನ್ನಾದರೂ ಅಳಿಸೋಣವೆಂದರೆ, ತೀರ್ಪಾದ ಮೇಲೆ ಯಾರೂ ಏನನ್ನೂ ತಿದ್ದುವಂತಿಲ್ಲವಂತೆ. ಸಹಾಯವಾಣಿಯ ಹುಡುಗಿಗೆ ಮೂರು ದಿನ ಫೋನು ಮಾಡಿದ. "ನಿಮ್ಮ ಪರವಾಗೇ ಆಗಿದೆಯಲ್ಲ ಸಾರ್, ಮತ್ತೇನು?" ಎಂದು ಅವಳು ಕೇಳಿದಳು. ಸುಳ್ಳಾಡಿದರೆ ಐದೇ ವಾರದಲ್ಲಿ ನಂಬುವ ಈ ಜನ, ನಿಜ ಹೇಳಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲವಲ್ಲ ಎಂದು ಅವನು ಗೋಡೆಗೆ ಗುದ್ದಿದ. ಗೋಡೆಗೇನೂ ಆಗಲಿಲ್ಲ.

ಮಲ್ಲಿಕಾರ್ಜುನಪ್ಪನವರು ಇವನ ಫೋನು ಎತ್ತಲಿಲ್ಲ. ಉಳಿದಿದ್ದು ಒಂದೇ ದಾರಿ. ತನಗೆಂದೇ ಎತ್ತಿಟ್ಟುಕೊಂಡಿದ್ದ ಅದೇ ಮೂವತ್ತೆಂಟರ ಇನ್ನೊಂದು ನಾಣ್ಯವನ್ನು, ಎಲ್ಲ ಬಿಡಿಸಿ ಬರೆದ ಕಾಗದದ ಜೊತೆ ಕಳಿಸಿಬಿಡುವುದು. ಈ ಸಲ ಬೆಳ್ಳಿ ಎಂದೇ ಬರೆದು, ಅಂಚೆಯಲ್ಲಿ ವಿಮೆ ಮಾಡಿಸಿ.

ಅಂಚೆ ಕಚೇರಿಯ ಭುವನಾ ಡಬ್ಬಿ ನೋಡಿ, "ಇನ್ಶೂರ್ ಮಾಡ್ಬೇಕು ಅಂದ್ರೆ ಬಟ್ಟೇಲಿ ಹೊಲೀಬೇಕು, ಹೊಲಿಗೆ ಮೇಲೆ ಐದು ಕಡೆ ಅರಗಿನ ಸೀಲು ಹಾಕ್ಬೇಕು" ಎಂದಳು. ಹೊಲಿಯುವುದು ಇವನ ಮನೆಯ ವಿದ್ಯೆ. ಅರಗಿಗೆ ಅಜ್ಜಂಪುರವೆಲ್ಲ ಸುತ್ತಿದ, ಸಿಗಲಿಲ್ಲ. ಬಸ್ಸು ಹತ್ತಿ ತರೀಕೆರೆಗೆ ಹೋದ. ಅಲ್ಲಿನ ಅಂಗಡಿಯವನು ಅರಗು ಎಂದರೆ ಏನು ಎಂದು ಇವನನ್ನೇ ಕೇಳಿದ. ಕಡೂರಿನಲ್ಲಿ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ ಎರಡು ಕಡ್ಡಿ ಸಿಕ್ಕಿತು. ಕರಗಿಸಿ ಹನಿಸಿ, ಕೈಗೆ ಸಿಕ್ಕ ಎರಡು ರೂಪಾಯಿಯ ನಾಣ್ಯವನ್ನು ಅದರ ಮೇಲೊತ್ತಿ ತಂದ.

"ನಾಣ್ಯದ ಸೀಲು ನಡೆಯಲ್ಲ ಕಾಂತರಾಜಣ್ಣ. ನಾಣ್ಯ ಎಲ್ಲರ ಹತ್ರಾನೂ ಇರುತ್ತೆ. ಬೇರೆ ಯಾರ ಹತ್ರಾನೂ ಇಲ್ಲದ ಗುರುತು ಬೇಕು."

ತಪ್ಪು ಅವಳದ್ದಲ್ಲ ಎಂದು ಗೊತ್ತಿದ್ದರಿಂದ ಅವನಿಗೆ ಇನ್ನೂ ಸಿಟ್ಟು ಬಂತು. ಅಂಗಡಿಗೆ ಹೋಗಿ ಹಿತ್ತಾಳೆಯ ತುಂಡೊಂದರ ಮೇಲೆ ಅರದಿಂದ "ಕಾಂ" ಎಂದು ಕೆತ್ತಿದ. ಒತ್ತಿದರೆ ಅಕ್ಷರ ಹಿಂದುಮುಂದಾಗಿ ಮೂಡಿತು. ಮತ್ತೆ ಉಲ್ಟಾ ಕೆತ್ತಿದ. ಎರಡು ದಿನ ಗಿರಾಕಿಗಳ ಮಷಿನ್ ಹಾಗೇ ಬಿದ್ದಿದ್ದವು. ಆ ಹೊತ್ತು ಉಚ್ಚಂಗಮ್ಮ ಡಬ್ಬಿಯ ಹತ್ತಿರ ಸುಳಿಯಲಿಲ್ಲ. ಎದುರುಗಡೆ ಜಗಲಿಯ ಮೇಲೆ ಸೆರಗಿನ ಗಂಟು ಹಿಡಿದುಕೊಂಡು ಕೂತಿದ್ದಳು. ಮೂರನೇ ಸಲ ಭುವನಾ ಐದೂ ಮುದ್ರೆಯ ಮೇಲೆ ಬೆರಳಾಡಿಸಿ, ಪಾರ್ಸೆಲನ್ನು ಅಲ್ಲಾಡಿಸಿ ನೋಡಿ, ರಸೀದಿ ಹರಿದುಕೊಟ್ಟಳು.

ಹನ್ನೊಂದನೇ ದಿನ ಅಂಚೆಯ ತಮ್ಮಯ್ಯ ಅದೇ ಪಾರ್ಸೆಲ್ ಹಿಡಿದು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದ. ಬಟ್ಟೆಯ ಮೇಲೆ "ಪಡೆಯಲು ನಿರಾಕರಿಸಿದ್ದಾರೆ" ಎಂದು ಬರೆದಿತ್ತು. ಹೊಲಿಗೆ ಬಿಟ್ಟಿರಲಿಲ್ಲ, ಅರಗು ಒಂದು ಚೂರು ಬಿರಿದಿರಲಿಲ್ಲ, ಕಾಗದವನ್ನು ಯಾರೂ ಓದಿರಲಿಲ್ಲ. ಕಾಂತರಾಜು ಜನ್ಮದಲ್ಲಿ ಇಷ್ಟು ಭದ್ರವಾಗಿ ಏನನ್ನೂ ಕಟ್ಟಿರಲಿಲ್ಲ. ತನ್ನ ಪಾರ್ಸೆಲಿಗೆ ತಾನೇ ಸಹಿ ಹಾಕಿ ತೆಗೆದುಕೊಂಡ.

ಅವತ್ತು ಅವನು ಯಾರನ್ನೂ ಬೈಯಲಿಲ್ಲ. ಮಧ್ಯಾಹ್ನ ನಯನ, "ಕಾಗದ ಒಳಗಿಟ್ರೆ ಒಡೀದೆ ಹೆಂಗ್ರೀ ಓದ್ತಾರೆ? ಕಾರ್ಡ್ ಬರೀರಿ. ಕಾರ್ಡನ್ನ ಬ್ಯಾಡ ಅನ್ನೋದ್ರೊಳಗೆ ಓದಿ ಆಗಿರುತ್ತೆ" ಎಂದಳು. ಅದು ನಿಜವೇ. ಆದರೆ ಕಾರ್ಡನ್ನು ಮೇಷ್ಟ್ರಷ್ಟೇ ಓದುವುದಿಲ್ಲ, ದಾರಿಯಲ್ಲಿ ಮುಟ್ಟಿದವರೆಲ್ಲ ಓದುತ್ತಾರೆ. ಕಾಂತರಾಜು ತುಂಬ ಹೊತ್ತು ಪೆನ್ನು ಹಿಡಿದು ಕೂತಿದ್ದು ಬರೆದ: "ಗುರುಗಳೇ, ಆ ಒಂದು ರೂಪಾಯಿ ನಮ್ಮ ಮನೆಯದೇ. ನಮ್ಮವ್ವ ಶಾಸ್ತ್ರಕ್ಕೆಂದು ಇಟ್ಟಿದ್ದಳು, ನನಗೆ ಗೊತ್ತಿರಲಿಲ್ಲ. ಬೆಳ್ಳಿ ದಾರಿಯಲ್ಲಿ ಹೋಗಿದೆ. ನೀವು ಹೇಳಿದ್ದು ನಿಜ. ನಾನು ಬರೆದದ್ದು ಸುಳ್ಳು." ಕೆಳಗೆ ಹೆಸರು, ಊರು, ಫೋನ್ ನಂಬರು. ಭುವನಾ ಠಸ್ಸೆ ಹಾಕುವಾಗ ಓದಿಕೊಂಡು ಚೀಲಕ್ಕೆ ಹಾಕಿದಳು.

ಐದನೇ ದಿನ ಬೆಳಿಗ್ಗೆ ಫೋನು ಬಂತು.

"ನಾ ರಾಣೆಬೆನ್ನೂರಿಂದ ಮಲ್ಲಿಕಾರ್ಜುನಪ್ಪ. ನಿಮ್ಮ ಕಾರ್ಡ್ ಮುಟ್ತು. ನಮ್ಮ ಪೋಸ್ಟ್‌ಮ್ಯಾನ್ನೂ ಓದ್ಯಾನ."

ಕಾಂತರಾಜು ಎದ್ದು ನಿಂತ. "ಸಾರ್, ತಪ್ಪಾಯ್ತು. ನಾಣ್ಯ ಇಲ್ಲೇ ಐತೆ. ನಾಳೇನೇ ರೈಲಿಗೆ ಬತ್ತೀನಿ, ನಿಮ್ ಕೈಗೇ ಕೊಡ್ತೀನಿ."

"ನಾಣ್ಯ ಇರ್ಲಿ ಬಿಡ್ರಿ." ಮೇಷ್ಟ್ರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮೂವತ್ಮೂರು ವರ್ಷ ಗಣಿತ ಕಲಿಸೇನಿ. ನನ್ನ ಹತ್ರ ಕಲ್ತವ್ರು ಎಷ್ಟೋ ಮಂದಿ ಆ ಜಾಲತಾಣದಾಗ ಅದಾರ. ದಿನಾ ಬೆಳಗಾದ್ರ ನನ್ನ ಹೆಸರು, ಅದರ ಕೆಳಗ ನೀವು ಬರ್ದದ್ದು ನೋಡ್ತಾರ. ಅದನ್ನ ಅಳಸ್ರಿ. ನನಗ ಅಷ್ಟು ಸಾಕು."

"ಅದು ಅಳಿಸೋಕೆ ಆಗ್ತಿಲ್ಲ ಸಾರ್. ಒಂದು ತಿಂಗಳಿಂದ ಒದ್ದಾಡ್ತಿದ್ದೀನಿ. ನನ್ನ ಕೈಲಿಲ್ಲ ಅದು."

"ಬರಿಯಾಕ ಕೈಲಿತ್ತಲ್ಲ?" ಎಂದು ಕೇಳಿ ಮೇಷ್ಟ್ರು ಫೋನಿಟ್ಟರು.