ಸುಂಕಪ್ಪನ ಸರ್ವೀಸ್ ರಿಪೋರ್ಟ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಊರಿಗೆಲ್ಲ ಸಾರಿಕೊಂಡು ಬರುತ್ತಾಳೆ. ಸಾರಲಿ, ಸುಳ್ಳೇನಲ್ಲ. ಹೊಸಪೇಟೆಯಲ್ಲಿ ಮೂವತ್ತು ವರ್ಷದಿಂದ ರಿಪೇರಿ ಅಂಗಡಿ ಇಟ್ಟವನು ನಾನು, ಜಂಬಪ್ಪ. ಮೊದಲು ರೇಡಿಯೋ, ಆಮೇಲೆ ಟೀವಿ, ಆಮೇಲೆ ಕಂಪ್ಯೂಟರ್. ಯಾರಾದರೂ ಬಂದು "ನಾವೇನೂ ಮುಟ್ಟಿಲ್ರಿ, ತಾನ ಕೆಟ್ಟೈತಿ" ಅಂದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಯಾರೂ ಮುಟ್ಟದೆ ಯಾವ ಮಷಿನ್ನೂ ಕೆಡುವುದಿಲ್ಲ ಎಂದು ನಂಬಿದ್ದೆ. ಆ ನಂಬಿಕೆಯಲ್ಲೇ ಒಬ್ಬ ಒಳ್ಳೆಯ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದೆ. ಅವನು ದರೋಜಿಯ ಸುಂಕಪ್ಪ.

ಎರಡು ಸಾವಿರದ ಆರನೇ ಇಸವಿ. ಅದಿರಿನ ಕಾಲ. ಅಬ್ಬಬ್ಬಾ, ಏನು ಕಾಲ ಅದು! ಸಂಡೂರಿನ ಗುಡ್ಡ ಇಳಿದ ಲಾರಿಗಳು ಹೊಸಪೇಟೆ ತನಕ ಸಾಲು ಹಿಡಿದಿರುತ್ತಿದ್ದವು. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಹೋದರೆ ಸಂಜೆ ಕೆಂಪಂಗಿಯಲ್ಲಿ ಬರುತ್ತಿದ್ದೆ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿದರೆ ಅಲ್ಲೂ ಅದೇ ಕೆಂಪು ಧೂಳು. ಬಾಯಿ ತುಂಬ ಬೈದುಕೊಂಡೇ ಆ ಧೂಳಿನಿಂದ ನಾವೆಲ್ಲ ಬದುಕು ಕಟ್ಟಿಕೊಂಡೆವು. ಈಗ ಆ ರಸ್ತೆ ತಣ್ಣಗಿದೆ, ಅಂಚಿನ ಬೇವಿನ ಎಲೆ ಹಸಿರಾಗಿದೆ. ಒಳ್ಳೆಯದೇ ಆಯಿತು, ಇಲ್ಲವೆನ್ನುವುದಿಲ್ಲ. ಆದರೂ ಆ ಗದ್ದಲ ಒಮ್ಮೊಮ್ಮೆ ನೆನಪಾಗುತ್ತದೆ.

ಕಂಪ್ಲಿಯ ರೈಸ್ ಮಿಲ್ಲಿನ ಮನೆತನದ ಶಂಭುಲಿಂಗಪ್ಪ ಎನ್ನುವವರು ಆಗ ಸಂಡೂರು ರಸ್ತೆಯ ಅಂಚಿಗೆ ಒಂದು ವೇಬ್ರಿಡ್ಜ್ ಹಾಕಿದ್ದರು. ಲಾರಿಗಳನ್ನು ತೂಕ ಮಾಡುವ ಜಾಗ. ಪಕ್ಕದಲ್ಲೇ ತಗಡಿನ ಆಫೀಸು, ಅದರೊಳಗೆ ಒಂದು ಕಂಪ್ಯೂಟರ್. ಹಗಲು ಅದರ ಮುಂದೆ ಕೂರುತ್ತಿದ್ದವಳು ಸೌಜನ್ಯ. ಸಂಜೆ ಅವಳು ಮನೆಗೆ ಹೋದ ಮೇಲೆ ಬೆಳಗಿನ ತನಕ ಕಾವಲು ಸುಂಕಪ್ಪನದು. ಐವತ್ತು ದಾಟಿದ್ದ, ಕಡ್ಡಿಯಂಥ ಆಳು, ಆಫೀಸಿನ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದ. ಧೂಳು ಕೂರಲೆಂದು ಯಾರೂ ಹೇಳದೆಯೇ ಬಾಗಿಲ ಮುಂದೆ ಎರಡು ಕೊಡ ನೀರು ಚಿಮುಕಿಸುತ್ತಿದ್ದ. ನಾನು ಮೊದಲ ಸಲ ಹೋದಾಗ ತನ್ನ ಬುತ್ತಿಯ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟ. ಅಕ್ಷರ ಬರುತ್ತಿರಲಿಲ್ಲ. ಆದರೆ ಕಣ್ಣು ಮುಚ್ಚಿಕೊಂಡೇ, "ಈಗ ಹೋತಲ್ರಿ, ಅದು ಕುರೆಕುಪ್ಪದ ಗಾಡಿ. ಹಿಂದಿನ ಸ್ಪ್ರಿಂಗ್ ಪಟ್ಟಾ ಮುರದೈತಿ," ಎಂದು ಲಾರಿಯ ಸಪ್ಪಳದಲ್ಲೇ ಹೇಳಿಬಿಡುತ್ತಿದ್ದ.

ಆ ಕಂಪ್ಯೂಟರನ್ನು ರಾತ್ರಿ ಪೂರ್ತಿ ಬಂದ್ ಮಾಡುತ್ತಿರಲಿಲ್ಲ. ಬೆಳಿಗ್ಗೆ ಅದು ಶುರುವಾಗುವಷ್ಟರಲ್ಲಿ ಹೊರಗೆ ಹತ್ತು ಲಾರಿ ನಿಂತು ಹಾರ್ನ್ ಹೊಡೆಯುತ್ತಿದ್ದವು. ಅದಕ್ಕೇ ಸೌಜನ್ಯ ಸಂಜೆ ಅದನ್ನು ಸ್ಟ್ಯಾಂಡ್‌ಬೈಗೆ ಹಾಕಿ ಹೋಗುತ್ತಿದ್ದಳು. ಅಂದರೆ ಮಷಿನ್ನಿಗೆ ನಿದ್ದೆ. ಪರದೆ ಕಪ್ಪಾಗುತ್ತದೆ, ಫ್ಯಾನ್ ನಿಲ್ಲುತ್ತದೆ, ಮಾಡಿಟ್ಟ ಕೆಲಸ ಇದ್ದಹಾಗೇ ಇರುತ್ತದೆ. ಕೀಲಿಮಣೆಯನ್ನೋ ಮೌಸನ್ನೋ ಮುಟ್ಟಿದರೆ ಎದ್ದು ಕೂರುತ್ತದೆ. ಆದರೆ ಒಂದು ವಾರದಿಂದ ಬೆಳಿಗ್ಗೆ ಬಂದು ನೋಡಿದರೆ ಅದು ಎದ್ದೇ ಇರುತ್ತಿತ್ತು. ಯಾವ ಗಣಿಯ ಅದಿರು ಯಾರ ಲಾರಿಯಲ್ಲಿ ಎಲ್ಲಿಗೆ ಹೋಗುತ್ತದೆ ಎನ್ನುವುದೆಲ್ಲ ಅದರಲ್ಲಿತ್ತು. ರಾತ್ರಿ ಯಾರೋ ಒಳಗೆ ಬಂದು ನೋಡಿಕೊಂಡು ಹೋಗುತ್ತಿದ್ದಾರೆಂದು ಶಂಭುಲಿಂಗಪ್ಪನವರಿಗೆ ಅನುಮಾನ ಹತ್ತಿತು. ಕೀಲಿ ಇದ್ದದ್ದು ಒಬ್ಬನ ಸೊಂಟದಲ್ಲಿ.

ನನಗೆ ಕರೆ ಬಂತು. ಹೋದೆ. ತಾನಾಗಿ ಏಳುವಂತೆ ಯಾವುದಾದರೂ ಪ್ರೋಗ್ರಾಮಿಗೆ ಟೈಮ್ ಇಟ್ಟಿದೆಯೇ ನೋಡಿದೆ, ಇಲ್ಲ. ಫೋನ್ ಬಂದಾಗ ಏಳಬಹುದೆಂದು ಮೋಡೆಮ್ಮಿನ ವೈರ್ ಕಿತ್ತೆ. ಕೊನೆಗೆ ಮಷಿನ್ನನ್ನು ಮಲಗಿಸಿ ಎದುರಿಗೇ ಒಂದು ತಾಸು ಕುಳಿತೆ. ಅಲುಗಾಡಲಿಲ್ಲ, ಹಾಯಾಗಿ ಮಲಗಿತ್ತು. ಅವತ್ತು ಘಾಟಿನಲ್ಲಿ ಒಂದು ಲಾರಿ ಮಗುಚಿ, ಬೆಳಗಿನಿಂದ ಆ ರಸ್ತೆಯಲ್ಲಿ ಒಂದು ಗಾಲಿಯೂ ಉರುಳಿರಲಿಲ್ಲ. ಅದು ಈ ಜಾಣನ ತಲೆಗೆ ಹೊಳೆಯಿತೇ? ಇಲ್ಲ.

ಬಾಗಿಲಲ್ಲಿ ನಿಂತಿದ್ದ ಸುಂಕಪ್ಪ ಮೆಲ್ಲಗೆ ಹೇಳಿದ. "ಸಾರ್, ಲಾರಿ ಬಂದ್ರ ಅದಕ್ಕ ಎಚ್ಚರ ಆಗ್ತೈತ್ರಿ. ಕಿಟಕಿ ಗಾಜಿನಾಗ ನಾ ಕಣ್ಣಾರೆ ಕಂಡೀನಿ."

"ಅಲ್ಲಲೇ ಸುಂಕಪ್ಪ," ಎಂದೆ, "ಅದೇನು ನಿಮ್ಮ ಮನಿ ಕೂಸೇನು, ಸಪ್ಪಳ ಆದ್ರ ಏಳಾಕ?"

ಶಂಭುಲಿಂಗಪ್ಪನವರು ನಕ್ಕರು. ರಸ್ತೆ ತೆರೆಯಲೆಂದು ಕಾಯುತ್ತ ಚಹಾ ಕುಡಿಯುತ್ತಿದ್ದ ಡ್ರೈವರುಗಳೂ ಬಿದ್ದು ಬಿದ್ದು ನಕ್ಕರು. ನನಗಿಂತ ಇಪ್ಪತ್ತು ವರ್ಷ ದೊಡ್ಡವನಿಗೆ ಹಾಗಂದೆನಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ. ನಗು ಮುಗಿದ ಮೇಲೆ ಸರ್ವೀಸ್ ರಿಪೋರ್ಟಿನ ಪುಸ್ತಕ ತೆಗೆದು ಬರೆದೆ: "ಮಷಿನ್ ಸರಿ ಇದೆ. ರಾತ್ರಿ ಯಾರೋ ಬಳಸುತ್ತಿದ್ದಾರೆ." ಅಂಗಡಿಯ ಸೀಲು ಒತ್ತಿದೆ.

ಆ ಒಂದು ಕಾಗದ ಸಾಕಾಯಿತು. ಕೀಲಿ ಕೊಡು ಎಂದರು. ಸುಂಕಪ್ಪನಿಗೆ ಉಡಿದಾರದ ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ನಾನು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಳ್ಳುತ್ತ ಆ ಕಡೆ ನೋಡದವನ ಹಾಗೆ ಇದ್ದೆ.

ಹತ್ತು ದಿನದ ಮೇಲೆ ಪ್ರಿಂಟರಿನ ರಿಬ್ಬನ್ ಹಾಕಲು ಮತ್ತೆ ಹೋದೆ. ಸೌಜನ್ಯ ಮಷಿನ್ನನ್ನು ಮಲಗಿಸಿ ಊಟಕ್ಕೆ ಹೋಗಿದ್ದಳು. ರಿಬ್ಬನ್ ಅವಳ ಕಪಾಟಿನಲ್ಲಿತ್ತು, ಕಾಯುತ್ತ ಕೈಕಟ್ಟಿ ಕುಳಿತೆ. ಹೊರಗೆ ತುಂಬಿದ ಲಾರಿಯೊಂದು ರಸ್ತೆಯ ಹಂಪ್ ಹತ್ತಿ ಧಡಕ್ಕನೆ ಇಳಿಯಿತು. ತಗಡು ಗಡಗಡ ಅಂತು, ಮೇಜು ನಡುಗಿತು, ಮೌಸು ಒಂದು ಎಳೆಯಷ್ಟು ಸರಿಯಿತು. ಪರದೆ ಬೆಳಗಿತು.

ಆ ಮೌಸು ತಂದು ಹಾಕಿದವನು ನಾನೇ! ಹಳೆಯ ಗುಂಡಿನ ಮೌಸಿನೊಳಗೆ ಧೂಳು ಕೂರುತ್ತದೆಂದು ತೆಗೆದು, ಕೆಂಪು ದೀಪದ ಹೊಸ ಮೌಸು ಕೊಟ್ಟಿದ್ದೆ. ಅದು ಕೂದಲೆಳೆ ಅಲುಗಿದರೂ ಮಷಿನ್ನನ್ನು ಎಬ್ಬಿಸುತ್ತದೆ. ತೊಂದರೆ ಶುರುವಾದದ್ದೂ ಅದೇ ವಾರ. ಸೆಟ್ಟಿಂಗಿನಲ್ಲಿ ಒಂದು ಟಿಕ್ ತೆಗೆದರೆ ಮುಗಿಯಿತು, ಎರಡು ನಿಮಿಷದ ಕೆಲಸ. ತೆಗೆದು ಸುಮ್ಮನಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳು ಹೇಳಿದಂತೆ.

ಅಷ್ಟರಲ್ಲಿ ಸೌಜನ್ಯ ಬಂದಳು. ಪರದೆ ನೋಡಿ, ನನ್ನ ಮುಖ ನೋಡಿ ಅಂದಳು, "ಹೊಸ ವಾಚ್‌ಮನ್ ಬಂದ ಮ್ಯಾಲೂ ಅದು ಹಂಗ ಎದ್ದಿರ್ತೈತ್ರಿ ಸಾರ್. ಸಾವ್ಕಾರ್ರಿಗೆ ಹೇಳಾಕ ಹೆದರಿಕಿ ಆತು." ಟಿಕ್ ಮುಟ್ಟದೆ ಎದ್ದು ಬಂದೆ.

ಮರುದಿನ ಬೆಳಿಗ್ಗೆ ಬೈಕ್ ಹತ್ತಿ ಕಮಲಾಪುರ ದಾಟಿ ದರೋಜಿಗೆ ಹೋದೆ. ಸುಂಕಪ್ಪ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಅವನ ಹೆಂಡತಿ ಗಾಳೆಮ್ಮ ನನ್ನನ್ನು ಕಂಡವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಊರಾಗೆಲ್ಲ ನನ್ನ ಗಂಡನ್ನ ಕಳ್ಳ ಅನಿಸಿ, ಈಗ ಚಾ ಕುಡಿಯಾಕ ಬಂದೀರೇನು? ಕಂಪ್ಲಿ ಮಿಲ್ಲಿಗೆ ಕೆಲಸ ಕೇಳಾಕ ಹೋದ್ರ ಅಲ್ಲೀತನಕ ಸುದ್ದಿ ಮುಟ್ಟೇತಿ!" ಅವಳು ಬೈದು ದಣಿದ ಮೇಲೆ ಎಲ್ಲವನ್ನೂ ಹೇಳಿದೆ. ತಪ್ಪಾಯಿತು ಎಂದೆ.

ಸುಂಕಪ್ಪ ಹಗ್ಗ ಕೆಳಗಿಟ್ಟ. "ಬಾಯಿ ಮಾತು ಬ್ಯಾಡ್ರಿ ಸಾರ್. ಅವತ್ತು ಬರದ್ರಲ್ಲ, ಅದ ಪುಸ್ತಕದಾಗ ಬರೀರಿ. ಹಂಗ ಸಿಕ್ಕಾ ಹೊಡೀರಿ. ಅವ್ರೆಲ್ಲಾರ ಮುಂದ ಓದ್ರಿ."

ಅವನನ್ನು ಹಿಂದೆ ಕೂರಿಸಿಕೊಂಡು ವೇಬ್ರಿಡ್ಜಿಗೆ ಬಂದೆ. ಶಂಭುಲಿಂಗಪ್ಪನವರನ್ನೂ ಅವತ್ತು ನಕ್ಕಿದ್ದ ಡ್ರೈವರುಗಳನ್ನೂ ಒಳಗೆ ಕರೆದೆ. ಮಷಿನ್ನನ್ನು ಮಲಗಿಸಿ, ಯಾರೂ ಮೇಜು ಮುಟ್ಟಬೇಡಿ ಎಂದೆ. ಲಾರಿ ಬಂತು, ಹಂಪಿನಲ್ಲಿ ಧಡಕ್ ಅಂತು, ಪರದೆ ಬೆಳಗಿತು. ಎಲ್ಲರೂ ಪರದೆ ನೋಡುತ್ತಿದ್ದರು, ಸುಂಕಪ್ಪ ಮಾತ್ರ ಒಬ್ಬೊಬ್ಬರ ಮುಖ ನೋಡುತ್ತಿದ್ದ.

"ಇಷ್ಟ ಏನ್ರೀ ಇದು?" ಎಂದರು ಶಂಭುಲಿಂಗಪ್ಪನವರು.

"ಇಷ್ಟ ರೀ. ಇಷ್ಟಕ್ಕ ಒಬ್ಬ ಮನಿಷ್ಯಾನ್ನ ಹೊರಗ ಹಾಕಿದ್ವಿ," ಎಂದೆ. ನನ್ನ ಮೇಲಿನ ಸಿಟ್ಟು ನನಗೇ ನೆತ್ತಿಗೇರಿತ್ತು. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಗೀಚಿದೆ: "ಮೌಸ್ ದೋಷ. ಸುಂಕಪ್ಪ ಮುಟ್ಟಿಲ್ಲ." ಗಟ್ಟಿಯಾಗಿ ಓದಿ ಸೀಲು ಹೊಡೆದೆ. ಒಂದು ಪ್ರತಿ ಆಫೀಸಿಗೆ, ಕಾರ್ಬನ್ ಪ್ರತಿ ನನಗೆ. ಸುಂಕಪ್ಪ ಕೈ ಚಾಚಿದ. ನನ್ನ ಪ್ರತಿಯನ್ನು ಪುಸ್ತಕದಿಂದ ಹರಿದು ಅವನಿಗೆ ಕೊಟ್ಟೆ.

ಕೀಲಿ ವಾಪಸ್ ಬಂತು. ಈ ಸಲ ಗಂಟು ಹಾಕಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಸೆಟ್ಟಿಂಗಿನ ಟಿಕ್ ತೆಗೆದಿದ್ದೇನೆ, ಇನ್ನು ಏಳುವುದಿಲ್ಲ ಎಂದರೂ ಕೇಳದೆ, ಅವತ್ತಿನಿಂದ ದಿನಾ ಸಂಜೆ ಮೌಸನ್ನು ಅಂಗಾತ ಮಲಗಿಸಿಯೇ ಬಾಗಿಲು ಹಾಕುತ್ತಿದ್ದ. "ಇರಲಿ ಬಿಡ್ರಿ," ಅನ್ನುತ್ತಿದ್ದ. ಗಣಿಗಳು ನಿಂತು ಆಫೀಸಿಗೆ ಬೀಗ ಬೀಳುವ ತನಕ ಅದು ನಡೆಯಿತು. ಆಮೇಲೆ ಅವನು ಕಂಪ್ಲಿಯಲ್ಲಿ ಒಂದು ಮಿಲ್ಲಿಗೆ ಕಾವಲಿಗೆ ಹೋದ. ಎಂದಾದರೂ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ನನ್ನ ಕೈ ಹಿಡಿದೆಳೆದು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿನಿಸದೆ ಬಿಡುತ್ತಿರಲಿಲ್ಲ. ಆ ಹೊತ್ತಿಗೆ ನಾನು ಅವನನ್ನು ಸುಂಕಪ್ಪಣ್ಣ ಎನ್ನುತ್ತಿದ್ದೆ.

ಹೋದ ವರ್ಷ ಅವನು ತೀರಿಕೊಂಡ ಸುದ್ದಿ ಬಂತು. ದರೋಜಿಗೆ ಹೋದೆ. ಮಗಳು ಹೇಮಾವತಿ ಒಳಗಿಂದ ತಗಡಿನ ಟ್ರಂಕ್ ತಂದು, ರೇಶನ್ ಕಾರ್ಡಿನ ಕೆಳಗಿಂದ ಲ್ಯಾಮಿನೇಶನ್ ಮಾಡಿಸಿದ ಹಾಳೆಯೊಂದನ್ನು ತೆಗೆದಳು. ನನ್ನ ಅಂಗಡಿಯ ಸೀಲು. ಕಾರ್ಬನ್ ಅಕ್ಷರ ಮಾಸಿತ್ತು.

"ಅಪ್ಪ ಎಲ್ಲಿ ಕೆಲಸ ಕೇಳಾಕ ಹೋದ್ರೂ ಇದನ್ನ ತೋರಿಸ್ತಿದ್ದ ರೀ," ಎಂದಳು. "ಓದಾಕ ಬರ್ತಿರಲಿಲ್ಲ. ತನ್ನ ಹೆಸರು ಎಲ್ಲೈತಿ ಅಂತ ಮಾತ್ರ ಗೊತ್ತಿತ್ತು, ಅಲ್ಲಿ ಬೆರಳು ಇಡ್ತಿದ್ದ."

ಹಾಳೆ ಕೈಗೆ ತೆಗೆದುಕೊಂಡೆ. ಬರೆಯಲು ಅದರಲ್ಲಿ ಹನ್ನೆರಡು ಗೆರೆಗಳಿದ್ದವು. ನಾನು ಒಂದೇ ಗೆರೆ ಬರೆದಿದ್ದೆ.